ಹೊಳೆಯಿಲ್ಲದ ಊರಲ್ಲೊಂದು ಹಾಯಿದೋಣಿ

ಇಲ್ಲಿ ಏನಾದರೂ ಬರೆದು ಆರು ತಿಂಗಳ ಮೇಲಾಯಿತು. "ಏನ್ ಸಮಾಚಾರ, ಬ್ಲಾಗಿಗೆ ಬೀಗ ಜಡಿದೆಯಾ?" ಅಂತ ಇಬ್ಬರು ಮೂವರು ಮೇಲ್ ಮಾಡಿ ಕೇಳಿದರು. ಬೀಗ ಏನೂ ಇಲ್ಲ ಮಾರಾಯ್ರೆ, ಸೋಮಾರಿತನ ಅಷ್ಟೆ. ಜೊತೆಗೆ ಒಂದು ದೋಣಿಯ ತಲೆಬಿಸಿ. ಆ ದೋಣಿಯ ಕಥೆಯನ್ನೇ ಬರೆದುಬಿಡೋಣ ಅಂತ ಈಗ ಕೂತಿದ್ದೇನೆ. ಹೊರಗೆ ಜಿಟಿಜಿಟಿ ಮಳೆ, ಕರೆಂಟು ಹೋಗಿದೆ, ಲ್ಯಾಪ್‌ಟಾಪಿನಲ್ಲಿ ಇನ್ನೆರಡು ಗಂಟೆಯ ಚಾರ್ಜ್ ಇದೆ. ಸಾಕು.

ನಮ್ಮೂರು ಕುಂಸಿ. ಶಿವಮೊಗ್ಗದಿಂದ ಸಾಗರದ ಬಸ್ಸು ಹತ್ತಿದರೆ ಆಯನೂರು ದಾಟಿದ ಮೇಲೆ ಸಿಗುತ್ತದೆ. ಜೋಗಕ್ಕೆ ಹೋಗುವಾಗ ನೀವೆಲ್ಲ ನಮ್ಮೂರನ್ನು ಹಾದೇ ಹೋಗಿರುತ್ತೀರಿ, ನಿದ್ದೆಯಲ್ಲಿ ಇದ್ದಿರಬಹುದು :-) ಹೋದ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಮ್ಯಾಂಗನೀಸ್ ಗಣಿ ಇತ್ತು. ಈಗ ಒಂದು ರೈಲು ನಿಲ್ದಾಣ, ಸುತ್ತ ಅಡಿಕೆ, ಜೋಳ, ಕಾಡು. ಹೊಳೆ ಮಾತ್ರ ಇಲ್ಲ. ಹೊಳೆ ನೋಡಬೇಕೆಂದರೆ ಚೋರಡಿಗೆ ಹೋಗಬೇಕು. ಅಲ್ಲಿ ಕುಮುದ್ವತಿ ಇದ್ದಾಳೆ. ಅವಳೂ ಮಳೆಗಾಲದಲ್ಲಿ ಮಾತ್ರ ಹೊಳೆ. ಬೇಸಿಗೆಯಲ್ಲಿ ಎಮ್ಮೆಗೆ ಮೊಣಕಾಲು ನೆನೆಯುವಷ್ಟೂ ನೀರಿರುವುದಿಲ್ಲ. ಇಂಥ ಊರಿನ ನಮ್ಮ ಮನೆಯ ಅಂಗಳದಲ್ಲಿ, ಕೊಟ್ಟಿಗೆಯ ಪಕ್ಕ, ಹದಿಮೂರು ಅಡಿ ಚಿಲ್ಲರೆ ಉದ್ದದ ಹಾಯಿದೋಣಿಯೊಂದು ಕವುಚಿ ಬಿದ್ದಿದೆ. ಅದರಡಿಯಲ್ಲಿ ನಮ್ಮ ಮನೆಯ ಕೆಂಪು ಕೋಳಿ ಮೊಟ್ಟೆ ಇಟ್ಟು ಕಾವು ಕೂತಿದೆ.

ದೋಣಿ ಹೇಗೆ ಬಂತು ಅಂದರೆ, ತಪ್ಪು ನನ್ನದಲ್ಲ. ಇಂಜಿನಿಯರಿಂಗ್ ಓದುವಾಗಿನ ಗೆಳೆಯನೊಬ್ಬ ಇದ್ದಾನೆ, ಮಂಗಳೂರಿನವನು. ಎನ್.ಸಿ.ಸಿ.ಯ ನೌಕಾ ವಿಭಾಗದಲ್ಲಿದ್ದ. ಅಲ್ಲಿ ಹಾಯಿ ಕಟ್ಟಿ ದೋಣಿ ಓಡಿಸೋದು ಕಲಿತವನು ಇವತ್ತಿಗೂ ಕುಡಿದಾಗಲೂ ಕುಡಿಯದಿದ್ದಾಗಲೂ ಅದನ್ನೇ ಮಾತಾಡುತ್ತಾನೆ. ಕೊರೋನಾ ಕಾಲದಲ್ಲಿ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಅಂದರಲ್ಲ, ಆಗ ನಾನು ಕುಂಸಿಗೆ ಬಂದು ಕೂತಿದ್ದೆ. ಅವನೂ ಒಮ್ಮೆ ಬಂದ. ಸಿಗಂದೂರಿಗೆ ಕರೆದುಕೊಂಡು ಹೋದೆ. ಲಾಂಚಿನಲ್ಲಿ ನಿಂತು ಶರಾವತಿ ಹಿನ್ನೀರು ನೋಡಿದವನು ದೇವಸ್ಥಾನದಲ್ಲೂ ಕಣ್ಣು ಮುಚ್ಚಲಿಲ್ಲ. "ಇಷ್ಟು ನೀರು, ಇಷ್ಟು ಗಾಳಿ, ಒಂದು ಹಾಯಿ ಇಲ್ಲವಲ್ಲೋ!" ಅಂತ ವಾಪಸ್ ಕುಂಸಿ ಬರುವವರೆಗೂ ಗೊಣಗಿದ. 2022ರ ಅಕ್ಟೋಬರಿನಲ್ಲಿ ಗೋವಾದಲ್ಲಿ ಯಾರೋ ಹಳೇ ಎಂಟರ್‌ಪ್ರೈಸ್ ದೋಣಿ ಮಾರುತ್ತಿದ್ದಾರೆ ಅಂತ ಫೋಟೋ ಕಳಿಸಿದ. ಆಫೀಸಿನ ಇನ್ನೊಬ್ಬ ಸಿಕ್ಕಿದ. ಮೂವರು ತಲಾ ಮೂವತ್ತು ಸಾವಿರ ಹಾಕಿದೆವು. ಮುಗೀತು.

ಎಂಟರ್‌ಪ್ರೈಸ್ ಅನ್ನೋದು ದೋಣಿಯ ಜಾತಿ. 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬಾತ ಮಾಡಿದ ನಕ್ಷೆ. ಇಬ್ಬರು ಕೂರುವಂಥದ್ದು, ನೀಲಿ ಹಾಯಿ ಅದರ ಗುರುತು. ಇಂಜಿನ್ ಇಲ್ಲ. ನಮ್ಮದರ ಮೈ ಫೈಬರಿನದು. ಚುಕ್ಕಾಣಿ ಮತ್ತು ನಡುವೆ ನೀರಿಗೆ ಇಳಿಬಿಡುವ ಸೆಂಟರ್‌ಬೋರ್ಡ್ ಎಂಬ ಹಲಗೆ ಮರದವು. ಹಾಯಿ ಯಾವ ಕಾಲದಲ್ಲೋ ನೀಲಿ ಇದ್ದಿರಬೇಕು, ನಮ್ಮ ಕೈಗೆ ಬರುವ ಹೊತ್ತಿಗೆ ಶಾಲೆ ಬಿಟ್ಟ ಹುಡುಗನ ಯೂನಿಫಾರಂ ಬಣ್ಣಕ್ಕೆ ತಿರುಗಿತ್ತು. ಟೆಂಪೋದಲ್ಲಿ ಹಾಕಿಕೊಂಡು, ಹೊರಗೆ ಚಾಚಿದ ಕಂಬದ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಕಾರವಾರ, ಹೊನ್ನಾವರ, ಗೇರುಸೊಪ್ಪೆ ಘಾಟಿ ಹತ್ತಿ ಬಂದೆವು. ಕುಂಸಿಯಲ್ಲಿ ಇಳಿಸುವಾಗ ಅರ್ಧ ಊರೇ ಸೇರಿತ್ತು. ಮೊದಲ ಪ್ರಶ್ನೆ, "ಮೀನು ಎಷ್ಟು ಹಿಡೀಬಹುದು?" ಎರಡನೇ ಪ್ರಶ್ನೆ, "ಹಂಗಾದ್ರೆ ಎಂತಕ್ಕೆ?"

ಅಪ್ಪನ ಪ್ರಶ್ನೆ ಸ್ವಲ್ಪ ತಾಂತ್ರಿಕ. "ಗಾಳಿ ಹಿಂದಿನಿಂದ ಬಂದ್ರೆ ಹೋಗ್ತದೆ ಸರಿ. ಎದುರಿನಿಂದ ಬಂದ್ರೆ?" ನಾನು ಅಂಗಳದಲ್ಲಿ ಕಡ್ಡಿಯಿಂದ ಗೀರಿ ತೋರಿಸಿದೆ. ಗಾಳಿಗೆ ನೇರ ಎದುರು ಯಾವ ಹಾಯಿಯೂ ಹೋಗಲ್ಲ. ಸುಮಾರು 45 ಡಿಗ್ರಿ ಓರೆಯಲ್ಲಿ ಬಲಕ್ಕೆ ಅಷ್ಟು ದೂರ, ಮತ್ತೆ ತಿರುಗಿಸಿ ಎಡಕ್ಕೆ ಅಷ್ಟು ದೂರ ಹೋಗಬೇಕು. ಕೆಳಗಿನ ಹಲಗೆ ಪಕ್ಕಕ್ಕೆ ಜಾರದ ಹಾಗೆ ಹಿಡಿಯುತ್ತದೆ, ಹಾಯಿ ಮುಂದಕ್ಕೆ ಎಳೆಯುತ್ತದೆ. ಹೀಗೆ ಅಡ್ಡಾದಿಡ್ಡಿ ಹೋಗಿ ಹೋಗಿ ಕೊನೆಗೆ ಮುಟ್ಟೋದು. ಅಪ್ಪ ಸ್ವಲ್ಪ ಹೊತ್ತು ನೋಡಿ, "ಓ, ಹಕ್ಕುಪತ್ರಕ್ಕೆ ಅಲೆದ ಹಾಗೆ" ಅಂದರು.

ಅದು ಬರೀ ಜೋಕಲ್ಲ. ನಾವು ಮುಳುಗಡೆಯವರು. ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಕರೂರು ಸೀಮೆಯ ನಮ್ಮ ಊರು ನೀರೊಳಗೆ ಹೋಯಿತು. ಲಾರಿಯಲ್ಲಿ ಸಾಮಾನು, ದನ, ಮನುಷ್ಯರನ್ನು ತುಂಬಿ ತಂದು ಕುಂಸಿ ಹತ್ತಿರದ ಕಾಡಂಚಿನಲ್ಲಿ ಇಳಿಸಿದರು. ಇಳಿದ ಜಾಗಕ್ಕೆ ಕಾಗದ ಮಾತ್ರ ಸರಿಯಾಗಿ ಬರಲಿಲ್ಲ. ಕೊಟ್ಟ ಭೂಮಿ ಅರಣ್ಯದ್ದೋ ಕಂದಾಯದ್ದೋ ಅನ್ನೋ ಜಗಳದಲ್ಲಿ ಸಾವಿರಾರು ಮುಳುಗಡೆ ಕುಟುಂಬಗಳು ಇವತ್ತಿಗೂ ಅಲೆಯುತ್ತಿವೆ. ಅಪ್ಪ ಹುಟ್ಟಿದ್ದೇ ಕುಂಸಿಗೆ ಬಂದ ಮೇಲೆ. ಹಳೇ ಊರು ನೋಡಿ ನೆನಪಿರೋದು ನಮ್ಮ ಮನೆಯಲ್ಲಿ ಈಗ ಒಬ್ಬರಿಗೇ, ಅಪ್ಪನ ಅಮ್ಮನಿಗೆ. ಅಜ್ಜಿ ಆ ಮನೆಗೆ ಮದುವೆಯಾಗಿ ಬಂದು ಮೂರೇ ವರ್ಷ ಆಗಿತ್ತಂತೆ.

ಅಜ್ಜಿ ದೋಣಿಯ ಹತ್ತಿರವೂ ಸುಳಿಯಲಿಲ್ಲ. ಒಳಗಿನಿಂದ ಕಿಟಕಿಯಲ್ಲಿ ನೋಡಿ, "ಆ ನೀರಿನ ಮೇಲೆ ಆಟ ಆಡೋಕೆ ಹೋಗ್ತೀಯನಾ ತಮ್ಮಾ?" ಅಂತ ಕೇಳಿದ್ದು ಅಷ್ಟೆ. ಸಿಗಂದೂರಿಗೆ ಹೋಗುವಾಗ ಲಾಂಚಿನಲ್ಲಿ ಅಜ್ಜಿ ಯಾವಾಗಲೂ ನೀರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದದ್ದು ನನಗೆ ಆಗ ನೆನಪಾಯಿತು. ಚಿಕ್ಕವನಿದ್ದಾಗ ಅದನ್ನು ಭಯ ಅಂದುಕೊಂಡಿದ್ದೆ.

*

ಇನ್ನು ದೋಣಿಯ ವರ್ಷದ ಲೆಕ್ಕ ಹೇಳುತ್ತೇನೆ. ನೀವೂ ಯಾರಾದರೂ ತೊಗೊಳ್ಳೋ ಯೋಚನೆಯಲ್ಲಿದ್ದರೆ ಉಪಯೋಗಕ್ಕೆ ಬರಬಹುದು, ಬೇಡ ಅಂತ ನಿರ್ಧರಿಸೋಕಾದರೂ.

ಮಳೆಗಾಲದಲ್ಲಿ ದೋಣಿ ಅಂಗಳದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿನ್ನೀರಿಗೆ ಇಳಿಯುವ ಮಾತೇ ಇಲ್ಲ. ಕೆಂಪು ನೀರು, ತೇಲಿ ಬರುವ ಮರದ ದಿಮ್ಮಿ, ಗುಡ್ಡದ ಸಂದಿಯಿಂದ ನುಗ್ಗುವ ಗಾಳಿ. ಈ ನಾಲ್ಕು ತಿಂಗಳು ದೋಣಿಗೆ ಕೆಲಸವಿಲ್ಲ, ನನಗೆ ಬಿಡುವಿಲ್ಲ. ಮಲೆನಾಡಿನ ಥಂಡಿಗೆ ಹಾಯಿಗೆ ಬೂಸ್ಟು ಹಿಡಿಯುತ್ತದೆ. ಅಟ್ಟದ ಮೇಲಿಟ್ಟರೆ ಇಲಿ, ಕೊಟ್ಟಿಗೆಯಲ್ಲಿಟ್ಟರೆ ಗೆದ್ದಲು. ಮೊದಲನೇ ಮಳೆಗಾಲದಲ್ಲೇ ಚುಕ್ಕಾಣಿಯನ್ನು ಗೆದ್ದಲು ತಿಂದು ಹಾಕಿತು. ಹೊರಗಿಂದ ಬಣ್ಣ ಹಾಗೇ ಇತ್ತು, ಕೈಯಲ್ಲಿ ಎತ್ತಿದರೆ ಹಪ್ಪಳದ ಹಾಗೆ ಮುರಿದು ಬಂತು. ಇಲಿ ಕಡಿದ ಹಾಯಿಯನ್ನು ಶಿವಮೊಗ್ಗದಲ್ಲಿ ಟಾರ್ಪಾಲು ಹೊಲಿಯುವವರ ಹತ್ತಿರ ತೊಗೊಂಡು ಹೋದೆ. ಅವರು ಬಹಳ ಮುತುವರ್ಜಿಯಿಂದ ಹೊಲಿದುಕೊಟ್ಟರು, ತೇಪೆ ಮಾತ್ರ ಹಸಿರು. ದೋಣಿಗೆ ಹೊದಿಸಿದ್ದ ಒಳ್ಳೇ ಟಾರ್ಪಾಲನ್ನು ಅಪ್ಪ ಹುಲ್ಲಿನ ಬಣವೆಗೆ ವರ್ಗಾವಣೆ ಮಾಡಿದ್ದರು. "ಹುಲ್ಲು ನೆನೆದ್ರೆ ದನ ಎಂತ ತಿಂತವೆ? ದೋಣಿ ನೆನೆದ್ರೆ ಎಂತ ಆಗ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಹಿನ್ನೀರು ತುಂಬಿ ನಿಂತಿರುತ್ತದೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ನಮ್ಮ ಶಿವಮೊಗ್ಗದ ಪೇಪರುಗಳಲ್ಲಿ ಮಳೆಗಾಲದಲ್ಲಿ ಲಿಂಗನಮಕ್ಕಿ, ಭದ್ರಾ, ತುಂಗಾ ಅಂತ ದಿನಾ ನೀರಿನ ಮಟ್ಟ ಹಾಕುತ್ತಾರಲ್ಲ, ಷೇರು ಮಾರುಕಟ್ಟೆ ನೋಡುವವರ ಹಾಗೆ ನಾನು ಅದನ್ನು ನೋಡುತ್ತೇನೆ. ಹೊಳೆಬಾಗಿಲಿನ ಹತ್ತಿರ ನನ್ನ ದೊಡ್ಡಮ್ಮನ ಮಗಳ ಮನೆಯಿದೆ. ಭಾವನ ಗದ್ದೆ ಹಿನ್ನೀರಿಗೆ ಅಂಟಿಕೊಂಡೇ ಇರೋದು. ದೋಣಿಯನ್ನು ಅಲ್ಲಿಗೆ ಸಾಗಿಸುತ್ತೇವೆ. (ಪರವಾನಗಿ, ಕಾಗದ ಪತ್ರದ ಕಥೆ ಬೇರೆ ಪೋಸ್ಟಿಗೇ ಆಗುತ್ತದೆ. ಬೇಡ ಬಿಡಿ.) ಅಕ್ಟೋಬರಿನಲ್ಲಿ ನೀರು ಚೆನ್ನಾಗಿರುತ್ತದೆ, ಗಾಳಿ ನಂಬಿಕೆಗೆ ಅರ್ಹವಲ್ಲ. ಬೆಳಗ್ಗೆಯೆಲ್ಲ ಕನ್ನಡಿಯ ಹಾಗೆ ನೀರು, ಮಧ್ಯಾಹ್ನ ಮೂರಕ್ಕೆ ಎಲ್ಲಿತ್ತೋ ಕಪ್ಪು ಮೋಡ, ಗುಡುಗು. ದೋಣಿ ಬಂದ ತಿಂಗಳಲ್ಲೇ ಹಾಗೊಮ್ಮೆ ನಾನೂ ಮಂಗಳೂರಿನವನೂ ಮಗುಚಿಕೊಂಡೆವು. ಲೈಫ್ ಜಾಕೆಟ್ ಇದ್ದದ್ದಕ್ಕೆ ಇವತ್ತು ಇದನ್ನು ಟೈಪ್ ಮಾಡುತ್ತಿದ್ದೇನೆ. ಅಲ್ಲಿಗೆ ತೆಪ್ಪದಲ್ಲಿ ಬಂದ ಮೀನು ಹಿಡಿಯುವವರೊಬ್ಬರು ನಮ್ಮ ದೋಣಿಯನ್ನು ನೆಟ್ಟಗೆ ಮಾಡಲು ಕೈಕೊಟ್ಟು, "ಇದೆಂಥ ದೋಣಿ ಮಾರಾಯ್ರೆ, ಮಗುಚಲಿಕ್ಕೇ ಮಾಡಿದ್ದಾ?" ಅಂದರು. ಅವರ ದುಂಡನೆಯ ತೆಪ್ಪ ಆ ಗಾಳಿಯಲ್ಲೂ ಹಾಯಾಗಿ ತಿರುಗುತ್ತಾ ನಿಂತಿತ್ತು.

ಒಳ್ಳೇ ಕಾಲ ಅಂದರೆ ಡಿಸೆಂಬರ್, ಜನವರಿ. ಬೆಳಗ್ಗೆ ಮಂಜು, ಪೂರ್ವದ ಸಣ್ಣ ಗಾಳಿ. ಊಟದ ಹೊತ್ತಿಗೆ ಎಲ್ಲ ನಿಂತು, ಎರಡೂವರೆ ಮೂರರ ಮೇಲೆ ಪಶ್ಚಿಮದ ಗಾಳಿ ಬರುತ್ತದೆ. ಹಾಯಿ ತುಂಬಿದಾಗ ಹಗ್ಗ ಕೈಯಲ್ಲಿ ಜೀವ ಬಂದ ಹಾಗೆ ಎಳೆಯುತ್ತದೆ. ಇಂಜಿನ್ ಸದ್ದಿಲ್ಲ, ಹೊಟ್ಟೆಯಡಿ ನೀರು ಹರಿಯುವ ಸದ್ದು ಮಾತ್ರ. ಆ ಅರ್ಧ ಗಂಟೆಗಾಗಿ ಉಳಿದದ್ದನ್ನೆಲ್ಲ ಸಹಿಸಬಹುದು ಅಂತ ಆಗ ಅನ್ನಿಸುತ್ತದೆ. ಆದರೆ ಅದೇ ಹೊತ್ತಿಗೆ ಮನೆಯಲ್ಲಿ ಅಡಿಕೆ ಕೊಯ್ಲು. ಬೆಂಗಳೂರಿನಿಂದ ಶನಿವಾರ ಬೆಳಗ್ಗೆ ಇಳಿದ ಮಗ ಅಡಿಕೆ ಸುಲಿಯೋ ಕಡೆ ಕೂರದೆ ಹಗ್ಗ ಹೆಗಲಿಗೆ ಹಾಕಿಕೊಂಡು ಸಾಗರದ ಬಸ್ಸು ಹತ್ತಿದರೆ ಯಾವ ಅಪ್ಪನಿಗೆ ಖುಷಿಯಾಗುತ್ತದೆ ಹೇಳಿ?

ಫೆಬ್ರವರಿಯಿಂದ ನೀರು ಇಳಿಯೋದು ಕಣ್ಣಿಗೇ ಕಾಣುತ್ತದೆ. ಆ ನೀರು ತಳಕಳಲೆ ಮೂಲಕ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ. 1035 ಮೆಗಾವ್ಯಾಟ್. ಬೆಂಗಳೂರಿನ ಆಫೀಸಿನಲ್ಲಿ ಎ.ಸಿ. ಜಾಸ್ತಿಯಾಗಿ ನಾನು ಜರ್ಕಿನ್ ಹಾಕಿಕೊಂಡು ಕೂತಿರುವಾಗ ಅಲ್ಲಿ ನನ್ನ ದೋಣಿಯ ಅಡಿಯಿಂದಲೇ ನೀರು ಹೋಗುತ್ತಿರುತ್ತದೆ ಅನ್ನೋದು ನೆನಪಾಗಿ ಒಬ್ಬನೇ ನಕ್ಕಿದ್ದುಂಟು. ಮಾರ್ಚ್ ಏಪ್ರಿಲ್‌ನಲ್ಲಿ ಭಾವನ ಗದ್ದೆಯಿಂದ ನೀರಿನಂಚಿಗೆ ಅರ್ಧ ಕಿಲೋಮೀಟರ್. ಇಡೀ ದೋಣಿಯನ್ನು ನಾಲ್ಕು ಜನ ಕೆಸರಿನಲ್ಲಿ ಎಳೆಯಬೇಕು. ಗಾಳಿ ಆಗಲೇ ಚೆನ್ನಾಗಿರೋದು, ಹಾಳಾದ್ದು. ಆದರೆ ಆಗಲೇ ಮುಳುಗಿದ ಕಾಡಿನ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುವುದು. ಅರವತ್ತು ವರ್ಷ ನೀರಲ್ಲಿದ್ದೂ ಕೊಳೆಯದ ಮರಗಳು. ಪೂರ್ತಿ ಮೇಲೆ ಬಂದವು ಪರವಾಗಿಲ್ಲ, ಅರ್ಧ ಅಡಿ ಕೆಳಗೆ ಅಡಗಿರುವವೇ ಅಪಾಯ. 2023ರ ಮಾರ್ಚಿನಲ್ಲಿ ಅಂಥದ್ದೊಂದಕ್ಕೆ ಹೊಡೆದು ಸೆಂಟರ್‌ಬೋರ್ಡ್ ಎರಡು ಹೋಳಾಯಿತು.

ಆ ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಆ ಮುರಿದ ಹಲಗೆಯ ವಿಷಯ ಹೇಳಿದೆ. ಎಲ್ಲಿ ಅಂತ ಅಜ್ಜಿ ಕೇಳಿದರು. ಹೊಳೆಬಾಗಿಲಿಂದ ಹೀಗೆ, ಆ ಗುಡ್ಡ ಬಲಕ್ಕೆ ಬಿಟ್ಟು ಹೀಗೆ ಅಂತ ತಟ್ಟೆಯ ಮೇಲೆ ಬೆರಳಲ್ಲಿ ತೋರಿಸಿದೆ. ಅಜ್ಜಿ ಸುಮ್ಮನಿದ್ದು, "ಮತ್ತಿ ಮರ ಇರಬೇಕು. ನಮ್ಮ ಗದ್ದೆ ಮೇಲೆ ಸಾಲಾಗಿ ನಾಲ್ಕಿದ್ವು" ಅಂದರು. ಅದೇ ಮರವೋ ಅಲ್ಲವೋ ಯಾರು ಹೇಳೋದು? ಆದರೆ ಅಷ್ಟು ತಿಂಗಳು ನಾನು ಎಲ್ಲಿ ಓಡಾಡುತ್ತಿದ್ದೆ ಅನ್ನೋದು ನನಗೆ ಆವತ್ತಿನವರೆಗೂ ಹೊಳೆದಿರಲಿಲ್ಲ. ಗೂಗಲ್ ಮ್ಯಾಪಿನಲ್ಲಿ ಅದು ಬರೀ ನೀಲಿ.

*

ಅವತ್ತಿನಿಂದ ಮನೆಯಲ್ಲಿ ನೀರಿನ ಮಟ್ಟ ನೋಡುವವರು ಇಬ್ಬರಾದೆವು. ಅಜ್ಜಿಗೆ ಕಣ್ಣು ಮಂಜು, ನಾನು ಊರಿನಲ್ಲಿದ್ದಾಗ ನಾನೇ ಓದಿ ಹೇಳಬೇಕು, ಇಲ್ಲದಿದ್ದಾಗ ಫೋನಿನಲ್ಲಿ. "ಎಷ್ಟಕ್ಕೆ ಬಂತು?" ಅಂತ ಇಬ್ಬರೂ ಕೇಳುವುದು ಒಂದೇ ಪ್ರಶ್ನೆ. ನನಗೆ ಏರಬೇಕು, ಅಜ್ಜಿಗೆ ಇಳಿಯಬೇಕು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಲಿಂಗನಮಕ್ಕಿ ತುಂಬುವ ಮಾತಿರಲಿ, ಹತ್ತಿರಕ್ಕೂ ಹೋಗಲಿಲ್ಲ. ಆ ಸಲದ ಹಾಯಿ ಹಾಕುವ ಕಾಲ ಡಿಸೆಂಬರಿಗೇ ಮುಗಿದುಹೋಯಿತು. ಆಫೀಸಿನ ಪಾಲುದಾರ, "ವರ್ಷಕ್ಕೆ ಹನ್ನೆರಡು ಸಾವಿರ ರಿಪೇರಿ, ಆರು ದಿನ ಓಡಿಸಿದ್ದು, ದಿನಕ್ಕೆ ಎರಡು ಸಾವಿರ ಬಿತ್ತು" ಅಂತ ಎಕ್ಸೆಲ್ ಶೀಟು ಕಳಿಸಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು.

2024ರ ಬೇಸಿಗೆಗೆ ಹಿನ್ನೀರು ಎಲ್ಲೆಲ್ಲೋ ಹರಿದ ಸೀರೆಯ ಹಾಗೆ ಚೂರುಚೂರಾಗಿತ್ತು. ಇಂಥ ವರ್ಷಗಳಲ್ಲೇ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುವುದು. ಅದು ಹಿರೇಭಾಸ್ಕರ ಅಣೆಕಟ್ಟು, ಜೋಗದ ಮೊದಲ ವಿದ್ಯುದಾಗಾರಕ್ಕಾಗಿ 1940ರ ದಶಕದಲ್ಲಿ ಕಟ್ಟಿದ್ದು. ಮೊದಲು ಆ ಡ್ಯಾಮು ಒಂದಿಷ್ಟು ಊರು ಮುಳುಗಿಸಿತು, ಆಮೇಲೆ ಲಿಂಗನಮಕ್ಕಿ ಬಂದು ಆ ಡ್ಯಾಮನ್ನೇ ಮುಳುಗಿಸಿತು. ನೀರು ತಾನಾಗಿ ಹೊರಹೋಗುವ ಅದರ ಸೈಫನ್ನುಗಳನ್ನು ನೋಡಲು ಜನ ಬೈಕು ಹಾಕಿಕೊಂಡು ಹೋಗುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಇಂಜಿನಿಯರ್ ಆದ ನನಗೂ ಆ ಕಲ್ಲಿನ ಕೆಲಸ ನೋಡಿ ಬೆರಗಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೇ ತಿಂಗಳ ಒಂದು ದಿನ ಭಾವ ಫೋನ್ ಮಾಡಿ, "ನಿಮ್ಮ ಕಡೆ ದಿಬ್ಬ ಎದ್ದದೆ, ಪಂಚಾಂಗದ ಕಲ್ಲು ಕಾಣ್ತದೆ" ಅಂದರು. ಫೋನು ಸ್ಪೀಕರಿನಲ್ಲಿತ್ತು. ಅಜ್ಜಿ ಎಲೆ ಅಡಿಕೆ ಚೀಲ ಹುಡುಕಲು ಶುರು ಮಾಡಿದರು. ಎಂಬತ್ತು ವರ್ಷದವರು, ಮಂಡಿ ನೋವು ಬೇರೆ. ಅಪ್ಪ ಬೇಡ ಅಂದರು, ಅಮ್ಮ ಬೇಡ ಅಂದರು. "ಮುಂದಿನ ಬರಕ್ಕೆ ನಾನಿರ್ತೀನನಾ?" ಅಂದಿದ್ದಕ್ಕೆ ಯಾರೂ ಮಾತಾಡಲಿಲ್ಲ.

ಬೆಳಗ್ಗೆ ಆರಕ್ಕೆ ಹೊರಟೆವು. ಕಾರು ಭಾವನ ಮನೆವರೆಗೆ. ಅಲ್ಲಿಂದ ಜೀಪು ಹಿನ್ನೀರಿನ ತಳದಲ್ಲೇ ಹೋಯಿತು. ಬಿರುಕು ಬಿಟ್ಟ ಮಣ್ಣು, ಆಮೇಲೆ ಹಸಿರು ಹುಲ್ಲು, ಮೇಯುವ ದನ. ಕೊನೆಗೆ ನೀರು ಬಂತು. ಹಳೇ ಶರಾವತಿಯ ಪಾತ್ರ ಅದು, ಅಷ್ಟೇ ಉಳಿದಿದ್ದದ್ದು. ಊರು ಆಚೆ ದಡ. ಹಿಂದಿನ ವಾರವೇ ದೋಣಿಯನ್ನು ಅಲ್ಲಿಗೆ ಎಳೆದಿಟ್ಟಿದ್ದೆ. ಅಜ್ಜಿಗೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಸುವುದೇ ಅರ್ಧ ಗಂಟೆಯ ಕೆಲಸ. "ಇದೆಂತ ಎತ್ತಿಗೆ ಜೂಲ ಹೊದಿಸಿದಂಗೆ" ಅಂತ ಬೈದುಕೊಂಡೇ ಕೂತರು. ಗಾಳಿ ಇರಲಿಲ್ಲ, ಹಾಯಿ ಸುತ್ತಿಟ್ಟು ಹುಟ್ಟು ಹಾಕಿದೆ. ಅಪ್ಪ, ಭಾವ ತೆಪ್ಪದಲ್ಲಿ ಹಿಂದೆ ಬಂದರು. ಅಜ್ಜಿ ಈ ಸಲ ನೀರಿಗೆ ಬೆನ್ನು ಹಾಕಲಿಲ್ಲ. ಅಲ್ಲಿ ಬಾ, ಇಲ್ಲಿ ಹೋಗು ಅಂತ ಕೈ ತೋರಿಸುತ್ತಿದ್ದರು. ಒಂದು ಕಡೆ "ಇಲ್ಲಿ ಮಡು ಇತ್ತು, ಸುತ್ತಿ ಹೋಗು" ಅಂದರು. ನಾನು ಸುತ್ತಿ ಹೋದೆ.

ಮನೆ ಅಂದರೆ ಜಂಬಿಟ್ಟಿಗೆ ಕಲ್ಲಿನ ಪಂಚಾಂಗ, ಮಂಡಿ ಎತ್ತರವೂ ಇಲ್ಲ. ಕೆಸರು ತುಂಬಿದ ಬಾವಿಯ ಗುಂಡಿ. ಒಡೆದ ಹೆಂಚು. ನಾನು ಅಜ್ಜಿ ಅಳುತ್ತಾರೆ ಅಂದುಕೊಂಡಿದ್ದೆ, ಮೊಬೈಲಿನ ಕ್ಯಾಮೆರಾ ಕೂಡ ಹೊರಗೆ ತೆಗೆದಿದ್ದೆ, ನಾಚಿಕೆಯಾಗಬೇಕು ನನಗೆ. ಅಳಲಿಲ್ಲ. ಮೊದಲು ಅಂದದ್ದು, "ಇಷ್ಟೇ ಇತ್ತನಾ ಮನೆ?" ಹನ್ನೊಂದು ಜನ ಇದ್ದ ಮನೆಯಂತೆ. ಆಮೇಲೆ ಕೊಟ್ಟಿಗೆ ಯಾವ ಕಡೆ ಇತ್ತು ಅಂತ ಭಾವನ ಹತ್ತಿರ ಜಗಳ ಆಡಿದರು, ಭಾವ ಹುಟ್ಟಿದ್ದೇ ಎಂಬತ್ತರ ದಶಕದಲ್ಲಿ! ಅಡುಗೆಮನೆಯ ಜಾಗದಲ್ಲಿ ನಿಂತು ಕಾಲಲ್ಲಿ ಕೆಸರು ಕೆದಕಿದರು. ಒರಳು ಕಲ್ಲು ಇರಲಿಲ್ಲ. "ಯಾರೋ ಹೊತ್ಕೊಂಡು ಹೋಗಿದಾರೆ" ಅಂತ ಸಿಟ್ಟು ಬಂತು. ಎಲೆ ಅಡಿಕೆ ಹಾಕಿಕೊಂಡು, ಹೊಸ್ತಿಲು ಇದ್ದಿರಬೇಕಾದ ಕಲ್ಲಿನ ಮೇಲೆ ಕೂತರು.

"ಬಿಡೋ ದಿನ ಮನೆ ಗುಡಿಸಿ, ಸಗಣಿ ಹಾಕಿ ಸಾರಿಸಿ ಬಂದಿದ್ವಿ. ಲಾರಿಯವನು ಹಾರನ್ ಹೊಡೀತಾ ಇದ್ದ. ಅತ್ತೆ ಬಿಡಲಿಲ್ಲ. ಪೂರ್ತಿ ಸಾರಿಸು ಅಂದ್ರು" ಅಂದರು ಅಜ್ಜಿ. ಅಪ್ಪ ಅಷ್ಟೊತ್ತಿಗೆ ಬಾವಿಯ ಗುಂಡಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದರು. ಅಪ್ಪನೂ ಆ ಜಾಗ ನೋಡಿದ್ದು ಅದೇ ಮೊದಲು.

ವಾಪಸ್ ಬರುವಾಗ ಮೂರು ಗಂಟೆ, ಪಶ್ಚಿಮದ ಗಾಳಿ ಬಂದಿತ್ತು. ನಾವು ಹೋಗಬೇಕಾದದ್ದು ಪೂರ್ವಕ್ಕೆ. ಗಾಳಿ ಹಿಂದಿನಿಂದ, ಅಡ್ಡಾದಿಡ್ಡಿ ತಿರುಗುವ ಕೆಲಸವಿಲ್ಲ. ಹಸಿರು ತೇಪೆಯ ನೀಲಿ ಹಾಯಿ ಬಿಚ್ಚಿದೆ. ಮುಂದಿನ ಸಣ್ಣ ಹಾಯಿಯ ಹಗ್ಗ ಅಜ್ಜಿಯ ಕೈಗೆ ಕೊಟ್ಟು ಸುಮ್ಮನೆ ಹಿಡ್ಕೊಳ್ಳಿ ಅಂದೆ. "ಉಳುವಾಗ ಎತ್ತಿನ ಹಗ್ಗ ಹಿಡಿದಂಗೆ ಇದೆಯಲ್ಲೋ" ಅಂದವರು ದಡ ಮುಟ್ಟುವವರೆಗೆ ಬಿಡಲಿಲ್ಲ. ಹಿಂದೆ ತಿರುಗಿ ನೋಡಿದರೋ ಇಲ್ಲವೋ ಗೊತ್ತಿಲ್ಲ. ನನ್ನ ಕಣ್ಣು ನೀರಿನ ಮೇಲೆ, ಬೊಡ್ಡೆಗಳ ಮೇಲೆ ಇತ್ತು.

*

ಆ ವರ್ಷ ಮಳೆ ಹೊಡೆದ ಹೊಡೆತ ನಿಮಗೆಲ್ಲ ನೆನಪಿರಬಹುದು. 2024ರ ಆಗಸ್ಟ್ ಮೊದಲಲ್ಲೇ ಲಿಂಗನಮಕ್ಕಿಯ ಗೇಟು ತೆಗೆದರು. ಜೋಗದ ವಿಡಿಯೋಗಳು ಎಲ್ಲರ ಫೋನಿನಲ್ಲೂ. ನಾನು ಬೆಂಗಳೂರಿನಿಂದ ಖುಷಿಯಲ್ಲಿ ಫೋನ್ ಮಾಡಿ, "ಅಜ್ಜಿ, ತುಂಬಿತು!" ಅಂದೆ. ಆ ಕಡೆಯಿಂದ "ಹೌದನಾ" ಅಂತ ಮಾತ್ರ ಬಂತು. ಫೋನಿಟ್ಟ ಮೇಲೆ ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಆದರೂ ಅಕ್ಟೋಬರಿಗೆ ಹೋಗಿ ದೋಣಿ ಇಳಿಸಿದೆ. ನಿಜ ಹೇಳಬೇಕೆಂದರೆ ನಾವು ಓಡಿಸಿದ ಅತ್ಯುತ್ತಮ ಕಾಲ ಅದೇ. ಡಿಸೆಂಬರಿನ ಒಂದು ಮಧ್ಯಾಹ್ನ ಆ ಗುಡ್ಡ ಬಲಕ್ಕೆ ಬಿಟ್ಟು ಹೋಗುವಾಗ, ಈಗ ಅಡುಗೆಮನೆಯ ಮೇಲಿದ್ದೇನೆ ಅಂತ ಅಂದಾಜಾಯಿತು. ಏನು ಮಾಡಬೇಕು ತೋಚದೆ ಹಾಯಿಯ ಹಗ್ಗ ಸ್ವಲ್ಪ ಸಡಿಲ ಬಿಟ್ಟೆ. ದೋಣಿ ನಿಧಾನವಾಯಿತು. ಜೊತೆಗಿದ್ದ ಮಂಗಳೂರಿನವನು "ಯಾಕೋ?" ಅಂದ. "ಬೊಡ್ಡೆ ಇದೆ" ಅಂದೆ.

2025ರ ಬೇಸಿಗೆಯಲ್ಲಿ ದಿಬ್ಬ ಏಳಲಿಲ್ಲ. ಭಾವ ಎರಡು ಸಲ ಹೋಗಿ ನೋಡಿ ಬಂದು, ಇಲ್ಲ ಅಂದರು. ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ತುಮರಿಯ ಕಡೆಯವರು ಅದಕ್ಕಾಗಿ ಎಷ್ಟು ವರ್ಷ ಕಾದಿದ್ದರು! ಗರ್ಭಿಣಿಯರು, ಹಾವು ಕಚ್ಚಿದವರು ರಾತ್ರಿ ಹೊತ್ತು ಲಾಂಚಿಲ್ಲದೆ ಪಟ್ಟ ಪಾಡು ಕೇಳಿದವರಿಗೆ ಆ ಸೇತುವೆಯ ಬೆಲೆ ಗೊತ್ತಾಗುತ್ತದೆ. ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಲಾಂಚಿನಲ್ಲಿ ಅಷ್ಟು ಹೊತ್ತು ಹಿಡಿಯುತ್ತಿದ್ದ ನೀರು ಕೆಲವೇ ನಿಮಿಷಕ್ಕೆ ಮುಗಿದುಹೋಯಿತು. "ಸ್ವಲ್ಪ ನಿಲ್ಸು" ಅಂದರು. ಹಿಂದಿನಿಂದ ಗಾಡಿಗಳು, ನಿಲ್ಲಿಸಲಾಗಲಿಲ್ಲ.

ಈಗಿನ ತಲೆಬಿಸಿ ಏನೆಂದರೆ, ಪಾಲುದಾರರು ಇಬ್ಬರಿಗೂ ಸಾಕಾಗಿದೆ. ಮಂಗಳೂರಿನವನಿಗೆ ಮದುವೆ ಗೊತ್ತಾಗಿದೆ, ಎಕ್ಸೆಲ್ ಶೀಟಿನವನು ಪುಣೆಗೆ ಹೋದ. ಬೆಂಗಳೂರಿನ ಒಬ್ಬರು ಅರವತ್ತು ಸಾವಿರಕ್ಕೆ ಕೇಳಿದ್ದಾರೆ, ಒಳ್ಳೇ ಬೆಲೆಯೇ. ಪೂರ್ತಿ ನಾನೇ ಇಟ್ಟುಕೊಳ್ಳಬೇಕೆಂದರೆ ಅವರಿಬ್ಬರಿಗೂ ದುಡ್ಡು ಕೊಡಬೇಕು, ವರ್ಷಕ್ಕೆ ಹತ್ತು ಸಲವೂ ಮುಟ್ಟದ ವಸ್ತುವಿಗೆ. ಅಪ್ಪ ಈ ವಿಷಯದಲ್ಲಿ ಆಶ್ಚರ್ಯ ಆಗುವ ಹಾಗೆ ಬಾಯಿ ಹಾಕಿಲ್ಲ. ಅಷ್ಟೇ ಅಲ್ಲ, ಈ ಸಲ ಮಳೆ ಶುರುವಾದಾಗ ಒಳ್ಳೇ ಟಾರ್ಪಾಲು ದೋಣಿಯ ಮೇಲೇ ಇತ್ತು, ಬಣವೆಗೆ ಹಳೇದು ಹೊದಿಸಿದ್ದರು.

ಅಜ್ಜಿಯನ್ನು ಕೇಳಿದೆ. "ನಿಂದು, ಮಾರೋದಾದ್ರೆ ಮಾರು. ಆಮೇಲೆ ನೀರು ಇಳಿದ ವರ್ಷ ಬಾಡಿಗೆಗೆ ಸಿಗ್ತದನಾ ಅಂತದ್ದು?" ಅಂದರು. ಸಿಗುತ್ತೆ ಅಜ್ಜಿ, ತೆಪ್ಪ ಸಿಗುತ್ತೆ ಅಂದೆ. "ತೆಪ್ಪ ತಿರುಗ್ತದೆ, ತಲೆ ಸುತ್ತು ಬರ್ತದೆ" ಅಂದರು.

ಬೆಂಗಳೂರಿನವರಿಗೆ ಇನ್ನೂ ಉತ್ತರ ಬರೆದಿಲ್ಲ. ಗೆದ್ದಲು ತಿಂದ ಮೇಲೆ ಮಾಡಿಸಿದ ಚುಕ್ಕಾಣಿಯೂ ಬಿರುಕು ಬಿಟ್ಟಿದೆ, ಹಲಸಿನ ಹಲಗೆಯಲ್ಲಿ ಹೊಸದು ಮಾಡಿಕೊಡುತ್ತೇನೆ ಅಂತ ನಮ್ಮೂರಿನ ಬಡಗಿ ಎರಡು ವಾರದಿಂದ ಹೇಳುತ್ತಿದ್ದಾರೆ. ಕೋಳಿ ಮರಿ ಮಾಡುವವರೆಗೆ ದೋಣಿ ಎತ್ತಬಾರದು ಅಂತ ಅಮ್ಮನ ಅಪ್ಪಣೆ ಬೇರೆ. ಅಂದಹಾಗೆ ಶಿವಮೊಗ್ಗ, ಸಾಗರ, ಇಲ್ಲ ಮಂಗಳೂರಿನ ಕಡೆ ಹಾಯಿಬಟ್ಟೆ ಹೊಲಿಯುವವರು ಯಾರಾದರೂ ನಿಮಗೆ ಗೊತ್ತಿದ್ದರೆ ತಿಳಿಸಿ. ನೀಲಿ ಬಣ್ಣದ್ದೇ ಸಿಕ್ಕರೆ ಒಳ್ಳೇದು. ಲ್ಯಾಪ್‌ಟಾಪು ಕೆಂಪು ದೀಪ ತೋರಿಸುತ್ತಿದೆ, ಒಳಗಿನಿಂದ ಅಜ್ಜಿ ಇವತ್ತಿನ ಪೇಪರ್ ಬಂತಾ ಅಂತ ಕೇಳುತ್ತಿದ್ದಾರೆ.